ಬಲಗೈ ರಿಪೇರಿ: ಗಿಟಾರ್ ಅಭ್ಯಾಸವನ್ನು ಮೊದಲಿಂದ ಕಟ್ಟಿದ 17 ವಾರ

2025ರ ಮೇ ಕೊನೆಯಲ್ಲಿ ಮಂಡ್ಯದ ಒಂದು ಛತ್ರದಲ್ಲಿ ರಿಸೆಪ್ಷನ್ ಇತ್ತು. ನಮ್ಮ ಆರ್ಕೆಸ್ಟ್ರಾ ಹೋಗಿತ್ತು. ಸೌಂಡ್ ನೋಡಿಕೊಳ್ಳುವ ಹುಡುಗ ಹೊಸ ಮಿಕ್ಸರ್ ತಂದಿದ್ದ. ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಪೆನ್ ಡ್ರೈವ್‌ಗೆ ಹಾಕಿ ಕೊಟ್ಟ. ಮಾರನೇ ದಿನ ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನನ್ನ ಗಿಟಾರ್ ಇರುವ ಫೈಲ್ ಮಾತ್ರ ಕೇಳಿದೆ. ಒಂಬತ್ತು ವರ್ಷದಿಂದ ನುಡಿಸುತ್ತಿದ್ದೇನೆ. ಕೀಬೋರ್ಡು, ಪ್ಯಾಡು, ಹಾಡುವವರು ಯಾರೂ ಇಲ್ಲದೆ ನನ್ನ ವಾದ್ಯ ಒಂದನ್ನೇ ಕೇಳಿದ್ದು ಅದೇ ಮೊದಲು.

ಬೇಜಾರಾಯಿತು. ಆದರೆ ಫೈಲ್ ಮುಚ್ಚದೆ ನೋಟ್‌ಬುಕ್ ತೆಗೆದುಕೊಂಡು ನಿಮಿಷ, ಸೆಕೆಂಡ್ ಸಮೇತ ಬರೆದೆ. ಮೂರು ತಪ್ಪು ಮತ್ತೆ ಮತ್ತೆ ಬರುತ್ತಿದ್ದವು. ಒಂದು, ಸ್ವರ ಸ್ವರದ ಮಧ್ಯೆ ನುಡಿಸದೇ ಇರುವ ತಂತಿಗಳು ಝಿಂ ಅನ್ನುತ್ತಿದ್ದವು. ಎರಡು, ವೇಗದ ಬಿಟ್ (ಹಾಡಿನ ನಡುವೆ ಬರುವ ವಾದ್ಯದ ತುಣುಕು) ಬಂದಾಗ ಸ್ವರಗಳು ಒಂದೇ ಅಂತರದಲ್ಲಿ ಬೀಳುತ್ತಿರಲಿಲ್ಲ, ತಂತಿ ಬದಲಾಗುವ ಕಡೆಯಲ್ಲೆಲ್ಲ ಮುಗ್ಗರಿಸುತ್ತಿತ್ತು. ಮೂರು, ಬೆಂಡ್ ಮಾಡಿದ, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಏರಿಸಿದ ಸ್ವರ ಮೇಲಿನ ಸ್ವರವನ್ನು ಮುಟ್ಟುತ್ತಿರಲಿಲ್ಲ, ಸ್ವಲ್ಪ ಕೆಳಗೇ ನಿಲ್ಲುತ್ತಿತ್ತು.

ಇಷ್ಟು ವರ್ಷ ಇದು ಯಾಕೆ ಕೇಳಿಸಲಿಲ್ಲ ಅನ್ನುವುದು ಎರಡು ದಿನ ಯೋಚಿಸಿದ ಮೇಲೆ ಗೊತ್ತಾಯಿತು. ನಾನು ಅಭ್ಯಾಸ ಮಾಡುತ್ತಿದ್ದದ್ದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಆಂಪ್‌ಗೆ, ಅಂದರೆ ಶಬ್ದ ಹಿಗ್ಗಿಸುವ ಪೆಟ್ಟಿಗೆಗೆ, ಕೇಬಲ್ ಹಾಕದೆ. ಎಲೆಕ್ಟ್ರಿಕ್ ಗಿಟಾರ್‌ಗೆ ಅಕೌಸ್ಟಿಕ್ ಥರ ಟೊಳ್ಳು ಹೊಟ್ಟೆ ಇಲ್ಲ. ಆಂಪ್ ಇಲ್ಲದೆ ಶಬ್ದ ಸಣ್ಣದು. ನಮಗೇ ಕೇಳಿಸಲಿ ಅಂತ ಕೈ ತಾನಾಗಿಯೇ ಜೋರಾಗಿ ಮೀಟುತ್ತದೆ. ಪಕ್ಕದ ತಂತಿ ಅಲುಗಿದರೂ ಅದು ಕಿವಿಗೆ ಬರುವುದಿಲ್ಲ. ಸ್ಟೇಜ್ ಮೇಲೆ ಡಿಸ್ಟಾರ್ಷನ್ (ಗಿಟಾರ್ ಶಬ್ದವನ್ನು ಒರಟು ಮಾಡುವ ಎಫೆಕ್ಟ್) ಹಾಕಿದ ಕೂಡಲೇ ಸಣ್ಣ ಶಬ್ದವೂ ದೊಡ್ಡ ಶಬ್ದದ ಮಟ್ಟಕ್ಕೆ ಎದ್ದು ನಿಲ್ಲುತ್ತದೆ. ಅಂದರೆ ಕೇಳಿಸದ ವಾದ್ಯದ ಮೇಲೆ ವರ್ಷಗಟ್ಟಲೆ ಕೈ ಆಡಿಸಿ, ಆ ತಪ್ಪುಗಳನ್ನೇ ಗಟ್ಟಿ ಮಾಡಿಕೊಂಡಿದ್ದೆ. ಇದನ್ನು ಸರಿ ಮಾಡಿದ ದಾಖಲೆ ಕೆಳಗಿದೆ. ಕೆಟ್ಟುಹೋದ ಪ್ರಯತ್ನಗಳನ್ನೂ ಬಿಟ್ಟಿಲ್ಲ.

ಜೂನ್ 8, ಭಾನುವಾರ. ಗೋಡೆ ಕೆಲಸ

ಗಿಟಾರ್ ಕೈಗೆ ಬಂದು ಮೊದಲ ಸ್ವರ ಕೇಳಲು ಎಷ್ಟು ಹೊತ್ತು ಬೇಕು ಅಂತ ಫೋನಿನಲ್ಲಿ ಅಳೆದೆ. ಬೀರು ಮೇಲಿನಿಂದ ಬ್ಯಾಗ್ ಇಳಿಸಬೇಕು, ಮಂಚದ ಕೆಳಗಿನಿಂದ ಆಂಪ್ ಎಳೆಯಬೇಕು, ಕೇಬಲ್ ಹುಡುಕಬೇಕು, ಪ್ಲಗ್‌ನಿಂದ ಇಸ್ತ್ರಿ ಪೆಟ್ಟಿಗೆ ತೆಗೆಯಬೇಕು, ಶ್ರುತಿ ಮಾಡಬೇಕು. 7 ನಿಮಿಷ 20 ಸೆಕೆಂಡ್ ಆಯಿತು. ನಾನು ಹೂಟಗಳ್ಳಿಯಲ್ಲಿ ಶಿಫ್ಟ್ ಕೆಲಸ ಮಾಡುವವನು. ಫಸ್ಟ್ ಶಿಫ್ಟ್ ಮುಗಿಸಿ ಬಂದವನಿಗೆ ಈ ಏಳು ನಿಮಿಷವೇ ಬೆಟ್ಟ. ಅದಕ್ಕೇ ರಾತ್ರಿ ಕೇಬಲ್ ಹಾಕದೆ ಸುಮ್ನೆ ಕೂರುವುದು ಅಭ್ಯಾಸವಾಗಿಬಿಟ್ಟಿತ್ತು.

ಗೋಡೆಗೆ ಗಿಟಾರ್ ನೇತುಹಾಕುವ ಬ್ರಾಕೆಟ್ ತಂದೆ, 480 ರೂಪಾಯಿ. ಮಹಡಿ ಮನೆಯವರ ಹತ್ತಿರ ಡ್ರಿಲ್ ಇಸಿದುಕೊಂಡು 8 ಎಂಎಂ ಬಿಟ್‌ನಲ್ಲಿ ತೂತು ಕೊರೆದೆ. ಮೊದಲ ತೂತು ಹಾಳಾಯಿತು. ಹಳೇ ಮನೆ, ಗಾರೆ ಪುಡಿಪುಡಿಯಾಗಿ ಉದುರಿ ತೂತು ಅಗಲವಾಯಿತು, ಸ್ಕ್ರೂ ಕೂರಿಸಲು ಹಾಕುವ ಪ್ಲಗ್ ಒಳಗೇ ಗಿರ್ರನೆ ತಿರುಗುತ್ತಿತ್ತು. ಅದನ್ನು ವೈಟ್ ಸಿಮೆಂಟ್ ಹಾಕಿ ಮುಚ್ಚಿ 10 ಸೆಂಟಿಮೀಟರ್ ಬಲಕ್ಕೆ ಇನ್ನೊಂದು ಕೊರೆದೆ, ಈ ಸಲ ಇಟ್ಟಿಗೆ ಸಿಕ್ಕಿತು. ಬ್ರಾಕೆಟ್ ಜೊತೆ ಬಂದ ಸ್ಕ್ರೂ ಗಿಡ್ಡ. ಅದನ್ನು ಬಿಟ್ಟು 50 ಎಂಎಂ ಸ್ಕ್ರೂ ಹಾಕಿದೆ. ಗಿಟಾರ್ ನೇತುಹಾಕುವ ಮೊದಲು 10 ಕೆಜಿ ಅಕ್ಕಿ ಚೀಲ ರಾತ್ರಿಯಿಡೀ ನೇತುಹಾಕಿ ನೋಡಿದೆ. ಅಲುಗಲಿಲ್ಲ. ಗಿಟಾರ್ ತೂಕ ಮೂರೂವರೆ ಕೆಜಿ ಅಷ್ಟೇ. ಕಿಟಕಿ ಎದುರಿನ ಗೋಡೆ ಬೇಡ ಅಂತ ಮೊದಲೇ ಬಿಟ್ಟಿದ್ದೆ, ಅಲ್ಲಿ ಸಾಯಂಕಾಲದ ಬಿಸಿಲು ನೇರ ಬೀಳುತ್ತದೆ.

ಆಂಪ್ ಬದಲು ಗಿಟಾರ್ ಜಾಕ್‌ಗೇ ಸಿಕ್ಕಿಸುವ ಹೆಡ್‌ಫೋನ್ ಆಂಪ್ ತೆಗೆದುಕೊಂಡೆ. ಸೆಕೆಂಡ್ ಹ್ಯಾಂಡ್, 2,200 ರೂಪಾಯಿ. ಬ್ಯಾಟರಿಯಲ್ಲಿ ನಡೆಯುವುದರಿಂದ ಇನ್ನೊಂದು ತೊಂದರೆಯೂ ತಪ್ಪಿತು. ಮಳೆಗಾಲದಲ್ಲಿ ಗಾಳಿ ಬಂದರೆ ಕರೆಂಟ್ ಹೋಗುತ್ತದೆ. ನಮ್ಮ ಮನೆಯ ಯುಪಿಎಸ್ ಸ್ಕ್ವೇರ್ ವೇವ್ ಕೊಡುವ ಹಳೇ ಥರದ್ದು, ಅದರಲ್ಲಿ ಆಂಪ್ ಹಾಕಿದರೆ ಗಿಟಾರ್‌ಗಿಂತ ಗುಂಯ್ ಶಬ್ದವೇ ಜಾಸ್ತಿ. ಈಗ ಆ ಕಾಟ ಇಲ್ಲ.

ಮತ್ತೆ ಅಳೆದೆ. 45 ಸೆಕೆಂಡ್. ಈ 17 ವಾರದಲ್ಲಿ ಮಾಡಿದ ಎಲ್ಲ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಯಾವುದು ಅಂತ ಕೇಳಿದರೆ ಈ ಗೋಡೆ ಕೆಲಸ ಅಂತಲೇ ಹೇಳುತ್ತೇನೆ.

ಜೂನ್ 15ರಿಂದ 22. ಗಿಟಾರ್ ಸೆಟಪ್

ಏಪ್ರಿಲ್‌ನಲ್ಲಿ ಒಂದು ಕಡೆ 800 ರೂಪಾಯಿ ಕೊಟ್ಟು ಸೆಟಪ್ (ಕತ್ತಿನ ಬಾಗು, ತಂತಿಯ ಎತ್ತರ, ಶ್ರುತಿ ಸರಿ ಮಾಡುವ ಕೆಲಸ) ಮಾಡಿಸಿದ್ದೆ. ವಾಪಸ್ ಬಂದಾಗ ತಂತಿ ಹೊಸದಾಗಿತ್ತು, ಉಳಿದದ್ದು ಹೇಗಿತ್ತೋ ಹಾಗೇ ಇತ್ತು. ಕೊಡುವ ಮೊದಲು ಅಳತೆ ಬರೆದಿಟ್ಟುಕೊಳ್ಳದೇ ಇದ್ದದ್ದು ನನ್ನ ತಪ್ಪು. ಅಳತೆ ಇಲ್ಲದೆ ಯಾರನ್ನು ಏನು ಕೇಳುವುದು? ಈ ಸಲ ನಾನೇ ಮಾಡಿದೆ.

ಸಾಮಾನು: ಅರ್ಧ ಎಂಎಂ ಗೆರೆ ಇರುವ 6 ಇಂಚಿನ ಸ್ಟೀಲ್ ಸ್ಕೇಲು, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಅಲೆನ್ ಕೀ, ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್ಪು ಅಂದರೆ ಗೆಳೆಯನ ಕೇಪೋ. ಫೀಲರ್ ಗೇಜ್ ಪ್ಲಾಂಟ್‌ನಲ್ಲಿ ದಿನಾ ಕೈಯಲ್ಲಿರುವ ವಸ್ತು, ಆಟೊ ಸ್ಪೇರ್ಸ್ ಅಂಗಡಿಯಲ್ಲಿ 180 ರೂಪಾಯಿಗೆ ಸಿಕ್ಕಿತು.

ಗಿಟಾರ್ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಕಂಬಿಗಳೇ ಫ್ರೆಟ್. ಮೊದಲ ಫ್ರೆಟ್‌ಗೆ ಕೇಪೋ ಹಾಕಿ, 6ನೇ ತಂತಿಯನ್ನು (ಎಲ್ಲಕ್ಕಿಂತ ದಪ್ಪ, 1ನೇದು ಎಲ್ಲಕ್ಕಿಂತ ತೆಳು) ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, 8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಗೇಜ್ ತೂರಿಸಿದರೆ ಕತ್ತಿನ ಬಾಗು ಗೊತ್ತಾಗುತ್ತದೆ. 0.55 ಎಂಎಂ ಇತ್ತು. 0.25ರ ಹತ್ತಿರ ಇರಬೇಕು. 12ನೇ ಫ್ರೆಟ್‌ನಲ್ಲಿ 6ನೇ ತಂತಿಯ ಎತ್ತರ 2.8 ಎಂಎಂ, 1ನೇ ತಂತಿಯದು 2.2. ತುಂಬಾ ಎತ್ತರ. ಇಷ್ಟು ಎತ್ತರದ ತಂತಿಯನ್ನು ಒತ್ತಿ ಒತ್ತಿ ನನ್ನ ಎಡಗೈ ಹೆಬ್ಬೆರಳು ಕತ್ತನ್ನು ಹಿಂಡುವುದನ್ನು ಕಲಿತಿತ್ತು.

ಇಲ್ಲಿ ಎರಡು ತಪ್ಪು ಮಾಡಿದೆ. ಒಂದನೇದು, ಕತ್ತಿನ ಒಳಗೆ ಬಾಗು ಸರಿ ಮಾಡಲು ಇರುವ ಸರಳು, ಅಂದರೆ ಟ್ರಸ್ ರಾಡನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದೆ. ಬಾಗು ಕಮ್ಮಿಯಾಗುವ ಬದಲು 0.65 ಆಯಿತು. ರಾಡಿನ ನಟ್‌ಗೆ ಎದುರಾಗಿ ನೋಡಿದಾಗ ಬಲಕ್ಕೆ ತಿರುಗಿಸಿದರೆ ಬಿಗಿ, ಕತ್ತು ನೆಟ್ಟಗಾಗುತ್ತದೆ. ಎಡಕ್ಕೆ ತಿರುಗಿಸಿದರೆ ಸಡಿಲ, ಬಾಗು ಜಾಸ್ತಿಯಾಗುತ್ತದೆ. ನಾನು ಗಿಟಾರ್ ತೊಡೆ ಮೇಲೆ ಇಟ್ಟುಕೊಂಡು ಹಿಂದಿನಿಂದ ನೋಡಿ ಎಡಬಲ ಅದಲುಬದಲು ಮಾಡಿದ್ದೆ. ಎರಡನೇದು ಇನ್ನೂ ದೊಡ್ಡದು. ಅವತ್ತೇ ಸಾಯಂಕಾಲ 10-46 ಅಳತೆಯ ತಂತಿ ತೆಗೆದು ಇನ್ನೂ ತೆಳುವಾದ 9-42 ಹಾಕಿದೆ, ರಾಡ್ ತಿರುಗಿಸಿದೆ, ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ತುಂಡು) ಕೂಡ ಇಳಿಸಿದೆ. 5ನೇ ತಂತಿಯಲ್ಲಿ ಬಝ್, ಅಂದರೆ ತಂತಿ ಫ್ರೆಟ್ಟಿಗೆ ತಾಗುವ ಝರ್ ಶಬ್ದ ಶುರುವಾಯಿತು. ಮೂರರಲ್ಲಿ ಯಾವುದರಿಂದ ಬಂತು ಅಂತ ಹೇಳಲು ದಾರಿಯೇ ಇರಲಿಲ್ಲ. ತಂತಿ ತೆಳುವಾದರೆ ಎಳೆತ ಕಮ್ಮಿ, ಅದರಿಂದಲೇ ಕತ್ತು ಸ್ವಲ್ಪ ನೆಟ್ಟಗಾಗುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ತೆಳು ತಂತಿ ಬಿಟ್ಟು ಉಳಿದದ್ದನ್ನೆಲ್ಲ ಹಿಂದಕ್ಕೆ ತಂದೆ. ಸ್ಯಾಡಲ್ ಮೇಲಕ್ಕೆ ಎತ್ತಿದೆ. ದಿನಕ್ಕೆ ಕಾಲು ಸುತ್ತು ಮಾತ್ರ ರಾಡ್ ತಿರುಗಿಸಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಅಳೆದೆ. ನಾಲ್ಕನೇ ದಿನ 0.25ಕ್ಕೆ ಬಂತು. ಆಮೇಲೆ ಸ್ಯಾಡಲ್ ಇಳಿಸಿದೆ, 6ನೇ ತಂತಿ 1.8, 1ನೇ ತಂತಿ 1.5. ಬಝ್ ಇಲ್ಲ. ಕೊನೆಗೆ ಇಂಟೊನೇಷನ್, ಅಂದರೆ ಕತ್ತಿನುದ್ದಕ್ಕೂ ಶ್ರುತಿ ಸರಿ ಬರುವ ಹಾಗೆ ಮಾಡುವುದು. 3ನೇ ತಂತಿ 12ನೇ ಫ್ರೆಟ್‌ನಲ್ಲಿ 9 ಸೆಂಟ್ (ಒಂದು ಫ್ರೆಟ್ ಅಂತರದ ನೂರರಲ್ಲಿ ಒಂದು ಪಾಲು ಒಂದು ಸೆಂಟ್) ಮೇಲಿತ್ತು, ಸ್ಯಾಡಲ್ ಹಿಂದಕ್ಕೆ ಎಳೆದು ಸರಿ ಮಾಡಿದೆ.

ಟ್ಯೂನರ್ ಆನ್ ಇತ್ತು, ಹಾಗೇ ಒಂದು ಪರೀಕ್ಷೆ ಮಾಡಿದೆ. 3ನೇ ತಂತಿ, 2ನೇ ಫ್ರೆಟ್, ನಾನು ಯಾವಾಗಲೂ ಒತ್ತುವಷ್ಟು ಒತ್ತಿದೆ. 14 ಸೆಂಟ್ ಮೇಲೆ ತೋರಿಸಿತು. ಬೆರಳನ್ನು ಫ್ರೆಟ್ ಕಂಬಿಯ ಪಕ್ಕಕ್ಕೆ ಸರಿಸಿ, ಶಬ್ದ ಸ್ವಚ್ಛವಾಗಿ ಬರುವಷ್ಟೇ ಒತ್ತಿದಾಗ 2 ಸೆಂಟ್. ಅಂದರೆ ಕಾರ್ಡ್ ಹಿಡಿದಾಗ ಬರುತ್ತಿದ್ದ ಅಪಸ್ವರದಲ್ಲಿ ಅರ್ಧ ನನ್ನ ಹೆಬ್ಬೆರಳಿನದೇ. ಅವತ್ತಿನಿಂದ ಅಭ್ಯಾಸದ ಮೊದಲ ಎರಡು ನಿಮಿಷ ಇದಕ್ಕೇ ಇಟ್ಟಿದ್ದೇನೆ. ಬೆರಳು ತಂತಿ ಮೇಲೆ ಇಟ್ಟು, ನಿಧಾನಕ್ಕೆ ಒತ್ತುತ್ತಾ, ಸ್ವರ ತೆರೆದುಕೊಂಡ ಕಡೆ ನಿಲ್ಲಿಸುವುದು.

ಜೂನ್ 23ರಿಂದ ಜುಲೈ 9. ಕೆಟ್ಟುಹೋದ ಚಾರ್ಟ್

ಈ ಭಾಗ ಬರೆಯಲು ಕಷ್ಟವಾಗುತ್ತದೆ. ಆದರೆ ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಅನಿಸುತ್ತದೆ.

ನಮ್ಮ ಕಾರ್ಯಕ್ರಮದಲ್ಲಿ ಒಂದು ಇಂಟರ್‌ಲ್ಯೂಡ್ ಬಿಟ್ ಇದೆ. 104 ಬಿಪಿಎಂ (ನಿಮಿಷಕ್ಕೆ 104 ಬೀಟ್), ಒಂದು ಬೀಟ್‌ಗೆ ನಾಲ್ಕು ಸ್ವರ. ರೆಕಾರ್ಡಿಂಗ್‌ನಲ್ಲಿ ಮುಗ್ಗರಿಸಿದ್ದು ಅಲ್ಲೇ. ಹಾಳೆಯ ಮೇಲೆ ಚಾರ್ಟ್ ಹಾಕಿದೆ. 66ರಿಂದ ಶುರು, ದಿನಕ್ಕೆ 2 ಏರಿಸುವುದು, 19 ದಿನದಲ್ಲಿ 104. ಲೆಕ್ಕ ಚೆನ್ನಾಗಿ ಕಂಡಿತು. ಗೋಡೆಗೆ ಅಂಟಿಸಿದೆ.

80ರವರೆಗೆ ಸುಲಭ. 86ರ ಹತ್ತಿರ ಬಲಗೈ ಮುಂಗೈ ಗಟ್ಟಿಯಾಗತೊಡಗಿತು. ಚಾರ್ಟ್‌ನಲ್ಲಿ ಟಿಕ್ ಹಾಕಲೇಬೇಕಲ್ಲ, ಹಾಕಿದೆ. 90ರಲ್ಲಿ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದ ಬೆರಳ ತುದಿ ಬೆಳ್ಳಗಾಗುತ್ತಿತ್ತು. 98ರಲ್ಲಿ ಹಲ್ಲು ಕಚ್ಚಿಕೊಂಡು ನುಡಿಸಿದೆ, ಉಸಿರು ಕಟ್ಟಿತ್ತು. ಅದಕ್ಕೂ ಟಿಕ್ ಹಾಕಿದೆ. ಜುಲೈ 9ರಂದು ಮೊಣಕೈ ಹೊರಗಡೆ ನೋವು ಶುರುವಾಯಿತು. ಮಾರನೇ ದಿನ ಪ್ಲಾಂಟ್‌ನಲ್ಲಿ ಸ್ಪ್ಯಾನರ್ ಹಿಡಿದಾಗಲೂ ನೋಯಿತು. ಡಾಕ್ಟರ್ ನೋಡಿ, ಕೈಗೆ ಬಿಡುವು ಕೊಡಿ, ನೋವು ಬಂದ ಕೂಡಲೇ ನಿಲ್ಲಿಸಿ ಎಂದರು. ನಾಲ್ಕು ದಿನ ಗಿಟಾರ್ ಮುಟ್ಟಲಿಲ್ಲ.

ಆ ನಾಲ್ಕು ದಿನದಲ್ಲಿ ಫೋನಿನಲ್ಲಿದ್ದ ರೆಕಾರ್ಡಿಂಗ್ ಕೇಳಿದೆ. 74ರಲ್ಲಿ ನುಡಿಸಿದ್ದರಲ್ಲೇ ತಂತಿ ಬದಲಾಗುವ ಕಡೆ ಮುಗ್ಗರಿಕೆ ಇತ್ತು. 98ರಲ್ಲಿಯೂ ಅದೇ ಜಾಗ, ಅದೇ ಮುಗ್ಗರಿಕೆ. ನಾನು ವೇಗ ಏರಿಸಿದ್ದೆ, ತಪ್ಪನ್ನು ಜೊತೆಯಲ್ಲೇ ಏರಿಸಿದ್ದೆ. ಟಿಕ್ ಹಾಕಿದ್ದು ಮೆಟ್ರೊನೋಮ್ (ಲಯ ಹಾಕಿಕೊಡುವ ಸಾಧನ) ನಂಬರ್ ನೋಡಿ, ಕಿವಿಯಿಂದ ಕೇಳಿ ಅಲ್ಲ. ಚಾರ್ಟ್ ಹರಿದು ಹಾಕಿದೆ.

ಜುಲೈ 13, ಭಾನುವಾರ. ಅತ್ತೆಯ ಮನೆ

ಅತ್ತೆ ಸರಸ್ವತಿಪುರಂನಲ್ಲಿ ಮಕ್ಕಳಿಗೆ ವೀಣೆ ಪಾಠ ಹೇಳುತ್ತಾರೆ. ಕೈ ನೋವಿನ ವಿಷಯ ಅಮ್ಮ ಫೋನಿನಲ್ಲಿ ಹೇಳಿದ್ದರು. ಹೋದ ಕೂಡಲೇ ಕೈ ಹಿಡಿದು ನೋಡಿ, "ಏನೋ ಮಾಡ್ಕೊಂಡೆ ಇದನ್ನ?" ಅಂತ ಕೇಳಿದರು. ಚಾರ್ಟ್ ಕಥೆ ಹೇಳಿದೆ.

"ದಿನಾ ಏರಿಸ್ತಾ ಹೋದೆ, ವಾಪಸ್ ಯಾವಾಗ ಇಳಿದೆ?"

"ಇಳಿಯಲಿಲ್ಲ ಅತ್ತೆ."

"ಮತ್ತೆ? ಮೂರು ಕಾಲ ಅಂತ ಯಾಕೆ ಮಾಡ್ತೀವಿ? ಮಕ್ಕಳು ಕೂತಿದ್ದಾರೆ, ಕೇಳು ಸ್ವಲ್ಪ ಹೊತ್ತು."

ಕೂತು ಕೇಳಿದೆ. ಚಿಕ್ಕಂದಿನಲ್ಲಿ ಆ ಮನೆಯಲ್ಲಿ ನೂರು ಸಲ ಕೇಳಿದ ಸರಳೆ ವರಸೆಯೇ. ಮಾಯಾಮಾಳವಗೌಳ ರಾಗ, ಆದಿ ತಾಳ, ಪುರಂದರದಾಸರು ಹಾಕಿಕೊಟ್ಟ ಪಾಠ ಅಂತ ಹೇಳುವುದು ಇದನ್ನೇ. ತಾಳದ ಕೈ ಬದಲಾಗುವುದಿಲ್ಲ. ಮೊದಲ ಕಾಲದಲ್ಲಿ ಒಂದು ಎಣಿಕೆಗೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಮೂರನೇ ಕಾಲದಲ್ಲಿ ಒಬ್ಬಳು ಹುಡುಗಿ ತಡವರಿಸಿದಳು. ಅತ್ತೆ ನಿಲ್ಲಿಸಲಿಲ್ಲ, ಗದರಿಸಲೂ ಇಲ್ಲ. ತಾಳ ಹಾಗೇ ಹಾಕುತ್ತಾ "ಒಂದನೇ ಕಾಲ" ಅಂದರು. ಅವಳು ಇಳಿದು, ನಿಧಾನದಲ್ಲಿ ಅದೇ ಸ್ವರ ಸರಿ ಮಾಡಿಕೊಂಡು, ಮತ್ತೆ ಹತ್ತಿದಳು.

ಒಂಬತ್ತು ವರ್ಷದಿಂದ ನಾನು ಹುಡುಕುತ್ತಿದ್ದ ಪಾಠ ಅತ್ತೆಯ ಹಜಾರದಲ್ಲಿ ಚಾಪೆ ಮೇಲೆ ನಡೆಯುತ್ತಿತ್ತು. ನಿಜವಾಗಿ ಕಣ್ಣು ತುಂಬಿತು.

ಮಾರನೇ ದಿನ ಮನೆಯಲ್ಲಿ ಅದೇ ವರಸೆಯನ್ನು ಗಿಟಾರ್‌ಗೆ ಕೂರಿಸಿದೆ. ಷಡ್ಜ ಇ ಸ್ವರಕ್ಕೆ. 5ನೇ ತಂತಿಯಲ್ಲಿ 7, 8, 11ನೇ ಫ್ರೆಟ್ ಅಂದರೆ ಸ ರಿ ಗ. 4ನೇ ತಂತಿಯಲ್ಲಿ 7, 9, 10 ಅಂದರೆ ಮ ಪ ದ. 3ನೇ ತಂತಿಯಲ್ಲಿ 8, 9 ಅಂದರೆ ನಿ ಸ. 8ರಿಂದ 11ಕ್ಕೆ ಕಿರುಬೆರಳು ಚಾಚಬೇಕು, ಅದು ಒಳ್ಳೆಯ ಕಸರತ್ತು. ಮೆಟ್ರೊನೋಮ್ 40ಕ್ಕೆ ಇಟ್ಟೆ. ಮೂರೂ ಕಾಲ ಅದೇ 40ರಲ್ಲಿ.

ನೋಟ್‌ಬುಕ್ ನಿಯಮವನ್ನೂ ಬದಲಾಯಿಸಿದೆ. ಎಷ್ಟು ನಿಮಿಷ ನುಡಿಸಿದೆ ಅಂತ ಬರೆಯುವುದು ನಿಲ್ಲಿಸಿದೆ. ತಾರೀಖು, ಏನು ನುಡಿಸಿದೆ, ಎಲ್ಲಿ ಕೆಟ್ಟಿತು, ಈ ಮೂರು ಕಾಲಂ ಮಾತ್ರ. ಮೂರನೇ ಕಾಲ ಮೂರು ಸಲ ಸತತವಾಗಿ ಸ್ವಚ್ಛವಾಗಿ ಬಂದರೆ ಮಾರನೇ ದಿನ 2 ಏರಿಸುವುದು. ಕೈ ಬಿಗಿಯಾದರೆ ಸ್ವರ ಸರಿಯಿದ್ದರೂ ಅದು ಲೆಕ್ಕಕ್ಕಿಲ್ಲ. ದಿನಕ್ಕೆ 25 ನಿಮಿಷ ಸಾಕು. ಫಸ್ಟ್ ಶಿಫ್ಟ್ ವಾರ ಸಾಯಂಕಾಲ ನಾಲ್ಕೂವರೆಗೆ, ಸೆಕೆಂಡ್ ಶಿಫ್ಟ್ ವಾರ ಬೆಳಿಗ್ಗೆ ಹತ್ತೂವರೆಗೆ. ನೈಟ್ ಶಿಫ್ಟ್ ವಾರ ಅಂತ ಬಂದರೆ 10 ನಿಮಿಷ ಮಾತ್ರ, ಅದೂ ಎಡಗೈ ಕೆಲಸ. ಭಾನುವಾರ ಮೂರು ಗಂಟೆ ಕೂತು ವಾರವೆಲ್ಲ ಬಿಡುವ ಹಳೇ ಪದ್ಧತಿ ಬಿಟ್ಟೆ.

ಜುಲೈ 20ರಿಂದ ಆಗಸ್ಟ್ 9. ಝಿಂ ಶಬ್ದ

ಮೊದಲು ಸುಲಭದ ದಾರಿ ಹಿಡಿದೆ. ಗಿಟಾರ್ ತಲೆಯ ಕಡೆ ತಂತಿಗಳು ಹಾಯುವ ಪಟ್ಟಿಯ (ಅದಕ್ಕೂ ನಟ್ ಅಂತಲೇ ಹೆಸರು) ಹತ್ತಿರ ತಂತಿಗಳಿಗೆ ತಲೆಗೂದಲ ರಬ್ಬರ್ ಬ್ಯಾಂಡ್ ಸುತ್ತಿದೆ. ರೆಕಾರ್ಡಿಂಗ್ ತಕ್ಷಣ ಸ್ವಚ್ಛವಾಯಿತು, ಖುಷಿಯಾಯಿತು. ವಾರ ಬಿಟ್ಟು ಬ್ಯಾಂಡ್ ತೆಗೆದಾಗ ಝಿಂ ಹಾಗೇ ಇತ್ತು. ಬ್ಯಾಂಡ್ ಕೆಲಸ ಮಾಡುತ್ತಿತ್ತು, ಕೈ ಏನೂ ಕಲಿತಿರಲಿಲ್ಲ. ಸ್ಟುಡಿಯೊ ರೆಕಾರ್ಡಿಂಗ್‌ಗೆ ಅದು ಸರಿ ಇರಬಹುದು. ತೆರೆದ ತಂತಿಗಳೂ ಬೇಕಾಗುವ ಆರ್ಕೆಸ್ಟ್ರಾಕ್ಕೆ ಆಗುವುದಿಲ್ಲ. ಒಂದು ವಾರ ಹೋಯಿತು.

ಆಮೇಲೆ ಮಾಡಿದ್ದು ಇದು. ಹೆಡ್‌ಫೋನ್ ಆಂಪ್‌ನಲ್ಲಿ ಗೇನ್ (ಸಣ್ಣ ಶಬ್ದವನ್ನೂ ಹಿಗ್ಗಿಸುವ ಗುಂಡಿ) ಪೂರ್ತಿ ಏರಿಸಿದೆ. ಏನೂ ನುಡಿಸದೆ ಎರಡೂ ಕೈ ತಂತಿ ಮೇಲೆ ಇಟ್ಟು, ಒಂದೊಂದೇ ಕೈ ಎತ್ತಿ, ಯಾವ ತಂತಿ ಯಾವಾಗ ಬಾಯಿ ಬಿಡುತ್ತದೆ ಅಂತ ಕೇಳಿದೆ. ಕೆಲಸ ಹೀಗೆ ಹಂಚಿಕೆಯಾಗುತ್ತದೆ. ನುಡಿಸುವ ತಂತಿಗಿಂತ ದಪ್ಪ ತಂತಿಗಳನ್ನು ಬಲ ಅಂಗೈಯ ಅಂಚು ಮಲಗಿಸಿಡಬೇಕು. ತೆಳು ತಂತಿಗಳ ಮೇಲೆ ಎಡ ತೋರುಬೆರಳಿನ ಹೊಟ್ಟೆ ಒತ್ತದೆ ಸುಮ್ನೆ ಒರಗಿರಬೇಕು. ತೋರುಬೆರಳಿನ ತುದಿ ಪಕ್ಕದ ದಪ್ಪ ತಂತಿಯನ್ನು ಸ್ವಲ್ಪ ತಾಗಬೇಕು. ನನ್ನ ತೊಂದರೆ ಏನಂದರೆ ಬಲ ಅಂಗೈ ಬ್ರಿಜ್ ಮೇಲೆ ಒಂದೇ ಜಾಗದಲ್ಲಿ ಅಂಟಿಕೊಂಡಿರುತ್ತಿತ್ತು. ತೆಳು ತಂತಿಗೆ ಹೋದಾಗ ಮಣಿಕಟ್ಟು ಮಾತ್ರ ಬಾಗುತ್ತಿತ್ತು, ಅಂಗೈ ಜೊತೆಯಲ್ಲಿ ಹೋಗುತ್ತಿರಲಿಲ್ಲ. ಹಾಗಾಗಿ 4 ಮತ್ತು 3ನೇ ತಂತಿ ಅನಾಥ. ರೆಕಾರ್ಡಿಂಗ್‌ನಲ್ಲಿ ಕೇಳಿದ್ದು ಅವೆರಡನ್ನೇ.

ಕೈ ಪೂರ್ತಿ, ಮೊಣಕೈಯಿಂದ, ತಂತಿಯ ಜೊತೆ ಮೇಲೆ ಕೆಳಗೆ ಸರಿಯುವಂತೆ ಮಾಡಲು ಎರಡು ವಾರ ಹಿಡಿಯಿತು. ದಾಟು ವರಸೆ ಇಲ್ಲಿ ತುಂಬಾ ಉಪಯೋಗಕ್ಕೆ ಬಂತು, ಸ್ವರ ಬಿಟ್ಟು ಸ್ವರ ಹಾರುವುದರಿಂದ ತಂತಿ ಹಿಂದೆಮುಂದೆ ಬದಲಾಗುತ್ತಲೇ ಇರುತ್ತದೆ. ಮೊದಲ ಕಾಲದಲ್ಲಿ ಪ್ರತಿ ಸ್ವರದ ನಂತರ ಒಂದು ಎಣಿಕೆ ಮೌನ ಬಿಟ್ಟೆ. ಆ ಮೌನದಲ್ಲಿ ಏನಾದರೂ ಕೇಳಿಸಿದರೆ ಅದು ಕೆಟ್ಟ ಸ್ವರ ಅಂತಲೇ ಬರೆದೆ. ಆಗಸ್ಟ್ 9ರ ರೆಕಾರ್ಡಿಂಗ್‌ನಲ್ಲಿ ಮೌನ ಮೌನವಾಗಿಯೇ ಇತ್ತು.

ಆಗಸ್ಟ್ 10ರಿಂದ 26. ಪಿಕ್

ಮುಗ್ಗರಿಕೆ ಇನ್ನೂ ಉಳಿದಿತ್ತು. ಮೂರನೇ ಕಾಲ 62ರವರೆಗೆ ಸ್ವಚ್ಛ, ಅದಾದ ಮೇಲೆ 5ನೇ ತಂತಿಯಿಂದ 4ಕ್ಕೆ ಹೋಗುವಾಗ ತಡವಾಗುತ್ತಿತ್ತು. ವಿಚಿತ್ರ ಅಂದರೆ 4ರಿಂದ 3ಕ್ಕೆ ಹೋಗುವಾಗ ಆಗುತ್ತಿರಲಿಲ್ಲ.

ಫೋನನ್ನು ಗಿಟಾರ್ ತಲೆಯ ಕಡೆಯಿಂದ ಬಲಗೈ ಕಾಣುವ ಹಾಗೆ ಇಟ್ಟು ಸ್ಲೋ ಮೋಷನ್ ವಿಡಿಯೊ ತೆಗೆದೆ. ಕಾರಣ ಕಂಡಿತು. ನನ್ನ ಪಿಕ್ ನೇರ ಇಲ್ಲ, ವಾಲಿದೆ. ಅಪ್ ಸ್ಟ್ರೋಕ್ ಆದಾಗ ಪಿಕ್ ತಂತಿಗಳ ಮಟ್ಟದಿಂದ ಹೊರಗೆ, ಗಾಳಿಗೆ ಬರುತ್ತದೆ. ಡೌನ್ ಸ್ಟ್ರೋಕ್ ಆದಾಗ ಎರಡು ತಂತಿಗಳ ಮಧ್ಯೆ ಸಿಕ್ಕಿಕೊಂಡಿರುತ್ತದೆ. ಈಗ ವರಸೆಯ ಲೆಕ್ಕ ನೋಡಿ. 5ನೇ ತಂತಿಯಲ್ಲಿ ಮೂರು ಸ್ವರ, ಡೌನ್ ಅಪ್ ಡೌನ್. ತಂತಿ ಬದಲಾಗುವುದು ಡೌನ್ ಆದ ಮೇಲೆ, ಪಿಕ್ ಒಳಗೆ ಸಿಕ್ಕಿದೆ, 4ನೇ ತಂತಿಯನ್ನು ಹಾರಿಕೊಂಡು ಹೋಗಬೇಕು. 4ನೇ ತಂತಿಯಲ್ಲಿ ಅಪ್ ಡೌನ್ ಅಪ್. ಬದಲಾಗುವುದು ಅಪ್ ಆದ ಮೇಲೆ, ಪಿಕ್ ಆಗಲೇ ಹೊರಗಿದೆ, ಆರಾಮ. ಒಂಬತ್ತು ವರ್ಷ "ನನ್ನ ಕೈ ನಿಧಾನ" ಅಂದುಕೊಂಡಿದ್ದೆ. ಕೈ ನಿಧಾನ ಇರಲಿಲ್ಲ. ಪ್ರತಿ ಸಲ ಅದೇ ಬೇಲಿ ಹಾರುತ್ತಿತ್ತು.

ಮೊದಲು ಪಿಕ್ ದಪ್ಪ ಬದಲಾಯಿಸಿ ನೋಡಿದ್ದೆ. 0.73, 1.0, 1.5 ಎಂಎಂ, ಮೂರಕ್ಕೆ 150 ರೂಪಾಯಿ. 1.0 ಕೈಗೆ ಹಿತ ಅನಿಸಿತು, ಆದರೆ ಮುಗ್ಗರಿಕೆಗೂ ಅದಕ್ಕೂ ಸಂಬಂಧ ಇರಲಿಲ್ಲ. ಪಿಕ್ ವಾಲಿಕೆಯನ್ನು ಮಧ್ಯದಲ್ಲಿ ಬದಲಿಸುವ ಪ್ರಯತ್ನವನ್ನೂ ಐದು ದಿನ ಮಾಡಿದೆ. ಕೈ ಗೊಂದಲವಾಗಿ ಇದ್ದದ್ದೂ ಕೆಟ್ಟಿತು, ನಿಲ್ಲಿಸಿದೆ.

ಕೊನೆಗೆ ಕೆಲಸ ಮಾಡಿದ್ದು ಸ್ವರ ಹಂಚಿಕೆ. ಮೂರು ಸ್ವರ ಇರುವ ತಂತಿಯಲ್ಲಿ ಮೊದಲ ಎರಡನ್ನು ಪಿಕ್‌ನಲ್ಲಿ ಡೌನ್, ಅಪ್ ಮೀಟುವುದು. ಮೂರನೇದನ್ನು ಎಡಗೈ ಬೆರಳು ತಂತಿ ಮೇಲೆ ಬಡಿದು ಬರಿಸುವುದು. ಇಳಿಯುವಾಗ ಬಡಿಯುವ ಬದಲು ಬೆರಳಲ್ಲಿ ಸೆಳೆದು ಬಿಡುವುದು. ಈಗ ಪ್ರತಿ ತಂತಿಯೂ ಡೌನ್‌ನಿಂದ ಶುರು, ಅಪ್‌ನಲ್ಲಿ ಬಿಡುಗಡೆ. ಎರಡು ವಾರದೊಳಗೆ 62ರಿಂದ 84ಕ್ಕೆ ಹೋಯಿತು, ಮುಂಗೈ ಮೆತ್ತಗೇ ಇತ್ತು. 84ರಲ್ಲಿ ಮೊದಲ ಸಲ ಸಲೀಸಾಗಿ ಬಂದ ದಿನ ಸಾಯಂಕಾಲ ಮತ್ತೆ ಮತ್ತೆ ನುಡಿಸುತ್ತಾ ಕೂತಿದ್ದೆ, ಅಮ್ಮ ಬಂದು ಕಾಫಿ ಇಟ್ಟು ಹೋದದ್ದೂ ಗೊತ್ತಾಗಲಿಲ್ಲ.

ಬೆಂಡ್

ಇದು ಬೇಗ ಮುಗಿಯಿತು. 3ನೇ ತಂತಿ 7ನೇ ಫ್ರೆಟ್ ಎಳೆದು 9ನೇ ಫ್ರೆಟ್‌ನ ಸ್ವರ ಮುಟ್ಟಬೇಕು. ಟ್ಯೂನರ್‌ನಲ್ಲಿ ನೋಡಿದರೆ 30 ಸೆಂಟ್ ಕೆಳಗೇ ನಿಲ್ಲುತ್ತಿದ್ದೆ. ತೆಳು ತಂತಿ ಹಾಕಿದ ಮೇಲೆ ಉಲ್ಟಾ, ಮೇಲಕ್ಕೆ ಹೋಗಿಬಿಡುತ್ತಿತ್ತು. ವೀಣೆಯಲ್ಲೂ ತಂತಿಯನ್ನು ಮೆಟ್ಟಿಲ (ವೀಣೆಯ ಫ್ರೆಟ್) ಮೇಲೆ ಪಕ್ಕಕ್ಕೆ ಎಳೆದೇ ಗಮಕ ಬರಿಸುವುದು ಅಲ್ವಾ, ಅತ್ತೆಯನ್ನೇ ಕೇಳಿದೆ. "ಮೊದಲು ಬಾಯಲ್ಲಿ ಹಾಡು. ಗಂಟಲು ಎಲ್ಲಿ ನಿಲ್ಲುತ್ತೋ ಬೆರಳು ಅಲ್ಲಿ ನಿಲ್ಲುತ್ತೆ" ಅಂದರು. 9ನೇ ಫ್ರೆಟ್ ನುಡಿಸು, ಹಾಡು, 7ರಿಂದ ಎಳೆ. ಟ್ಯೂನರ್ ಕಣ್ಣಿಗೆ ಕಾಣದ ಹಾಗೆ ತಿರುಗಿಸಿಟ್ಟು, ಎಳೆದ ಮೇಲೆ ಮಾತ್ರ ನೋಡುವುದು. ಉಂಗುರದ ಬೆರಳಿಗೆ ಹಿಂದಿನ ಎರಡು ಬೆರಳಿನ ಆಸರೆ ಕೊಟ್ಟೆ, ಬೆರಳಿನಿಂದ ತಳ್ಳದೆ ಮಣಿಕಟ್ಟು ತಿರುಗಿಸಿದೆ. ದಿನಕ್ಕೆ ಐದು ನಿಮಿಷ, ಮೂರು ವಾರ. ಈಗ 5 ಸೆಂಟ್ ಒಳಗೆ.

ಆಗಸ್ಟ್ 30. ಸ್ಟೇಜ್

ಗಣೇಶ ಹಬ್ಬದ ಕಾರ್ಯಕ್ರಮ, ಪಾಂಡವಪುರ ಕಡೆಯ ಒಂದು ಹಳ್ಳಿ. ಜನರೇಟರ್ ಕರೆಂಟ್, ಹಿಂದೆ ಗುಂಯ್ ಅನ್ನುತ್ತಲೇ ಇತ್ತು. ಅದೇ ಸೌಂಡ್ ಹುಡುಗ, ಮತ್ತೆ ಟ್ರ್ಯಾಕ್ ಕೇಳಿದೆ, ಕೊಟ್ಟ.

ಝಿಂ ಹೋಗಿದೆ. ಬೆಂಡ್‌ಗಳಲ್ಲಿ ಒಂದು ಬಿಟ್ಟು ಉಳಿದವೆಲ್ಲ ಸರಿ. ಆದರೆ 104ರ ಬಿಟ್ ಬಂದಾಗ ಹಳೇ ಕೈ ವಾಪಸ್ ಬಂತು. ಡ್ರಮ್ಸ್ ಜೋರಾಗಿ ಕೇಳಿದ ಕೂಡಲೇ ಎಲ್ಲ ಸ್ವರವನ್ನೂ ಪಿಕ್‌ನಲ್ಲೇ ಹೊಡೆದಿದ್ದೇನೆ, ಬೇಲಿ ಹಾರಿದ್ದೇನೆ, ಮುಗ್ಗರಿಸಿದ್ದೇನೆ. ಕಾರಣ ನನಗೆ ಗೊತ್ತು. ಮನೆಯಲ್ಲಿ ಯಾವಾಗಲೂ ಕೂತು ನುಡಿಸಿದ್ದೆ. ಸ್ಟೇಜ್‌ನಲ್ಲಿ ನಿಂತಾಗ ಸ್ಟ್ರಾಪ್ ಉದ್ದ ಇದ್ದು ಗಿಟಾರ್ ಒಂದು ಗೇಣು ಕೆಳಗೆ ಇತ್ತು, ಬಲ ಮಣಿಕಟ್ಟಿನ ಕೋನವೇ ಬೇರೆ. ಕಿರುಬೆರಳು 11ನೇ ಫ್ರೆಟ್‌ಗೆ ಚಾಚಲು ಆಗದೆ ಕೈ ಹಳೇ ದಾರಿ ಹಿಡಿಯಿತು.

ಮಾರನೇ ದಿನ ಸ್ಟ್ರಾಪ್ 14 ಸೆಂಟಿಮೀಟರ್ ಗಿಡ್ಡ ಮಾಡಿದೆ, ಕೂತಾಗಲೂ ನಿಂತಾಗಲೂ ಗಿಟಾರ್ ಒಂದೇ ಎತ್ತರದಲ್ಲಿ ಇರುವ ಹಾಗೆ. ಆ ತೂತಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿದೆ. ಅಭ್ಯಾಸದಲ್ಲಿ ಕೊನೆಯ ಹತ್ತು ನಿಮಿಷ ನಿಂತೇ.

ಅಕ್ಟೋಬರ್ 5, ಭಾನುವಾರ. ಈಗಿನ ಸ್ಥಿತಿ

ದಸರಾ ಹತ್ತು ಹನ್ನೊಂದು ದಿನ ಮನೆ ತುಂಬಾ ನೆಂಟರು. ಹಾಲ್‌ನಲ್ಲಿ ಹಾಸಿಗೆ, ರಾತ್ರಿ ದೀಪ ನೋಡಲು ಸುತ್ತಾಟ. ಮೊದಲಾಗಿದ್ದರೆ ಪೂರ್ತಿ ನಿಂತುಹೋಗುತ್ತಿತ್ತು. ಗಿಟಾರ್ ಗೋಡೆ ಮೇಲೆ ಇದ್ದದ್ದರಿಂದ ಎರಡು ದಿನ ಬಿಟ್ಟು ಉಳಿದ ದಿನ ಹತ್ತು ನಿಮಿಷವಾದರೂ ಆಯಿತು. ಆಯುಧಪೂಜೆ ದಿನ ಅಕ್ಕನ ಮಗಳು ಗಿಟಾರ್‌ಗೂ ಕುಂಕುಮ ಇಟ್ಟಳು.

ಖರ್ಚು: ಬ್ರಾಕೆಟ್ 480, ಪ್ಲಗ್ ಮತ್ತು ಸ್ಕ್ರೂ 40, ಹೆಡ್‌ಫೋನ್ ಆಂಪ್ 2,200, ಎರಡು ಸೆಟ್ ತಂತಿ 1,300, ಪಿಕ್ 150, ಫೀಲರ್ ಗೇಜ್ 180, ಸ್ಕೇಲು 60, ಸ್ಟೇಜ್‌ಗೆ ಹೊಸ ಕೇಬಲ್ 350. ಒಟ್ಟು 4,760. ಏಪ್ರಿಲ್‌ನ 800 ಸೇರಿಸಿದರೆ 5,560.

ಇವತ್ತು ಬೆಳಿಗ್ಗೆ ನಿಂತುಕೊಂಡು ಮಾಡಿದ ರೆಕಾರ್ಡಿಂಗ್: ಮೂರನೇ ಕಾಲ 96ರಲ್ಲಿ ಮೂರು ಸಲ ಸ್ವಚ್ಛ, ಮುಂಗೈಯಲ್ಲಿ ಬಿಗಿ ಇಲ್ಲ, ನೋವಿಲ್ಲ. 100ರಲ್ಲಿ ಎರಡನೇ ಸಲ ಕೆಟ್ಟಿತು. 8ರಿಂದ 11ಕ್ಕೆ ಬಡಿಯುವ ಕಿರುಬೆರಳಿನ ಸ್ವರ ಉಳಿದವಕ್ಕಿಂತ ಸಣ್ಣಗೆ ಕೇಳುತ್ತದೆ, ಡಿಸ್ಟಾರ್ಷನ್ ಇಲ್ಲದ ಕ್ಲೀನ್ ಟೋನ್‌ನಲ್ಲಿ ಇನ್ನೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಹಾಗಾಗಿ ನಾಳೆಯಿಂದ ಪಿಕ್ ಪಕ್ಕಕ್ಕಿಟ್ಟು, ಆ ಎರಡು ಸ್ವರ ಮಾತ್ರ, ಕ್ಲೀನ್ ಟೋನ್, ಮೆಟ್ರೊನೋಮ್ 40, ಮೊದಲ ಕಾಲ.